ಏಳು ಜನರ ದೋಣಿ

ರಾಫ್ಟಿಂಗ್‌ಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವಳು ನಾನೇ. ಕಳೆದ ವರ್ಷ ಈಜು ಕಲಿತಾಗಿನಿಂದ, ಹರಿಯುವ ನೀರಿಗೆ ಒಮ್ಮೆ ಇಳಿಯಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಐವತ್ತು ಹತ್ತಿರ ಬಂದಾಗ ಇದೆಂಥ ಹುಚ್ಚು ಎಂದು ತಂಗಿ ನಕ್ಕಳು. ತಮ್ಮ ಕೂಡಲೇ ಒಪ್ಪಿದ.

“ಆದ್ರೆ ಎಲ್ರೂ ಒಂದೇ ದೋಣೀಲಿ ಕೂರ್ಬೇಕು ಅಕ್ಕ. ನೀನೇ ನೋಡಿ ಬುಕ್ ಮಾಡು.”

‘ನೀನೇ ನೋಡು’ ಎಂದರೆ ನಮ್ಮ ಮನೆಯಲ್ಲಿ ಉಳಿದವರೆಲ್ಲ ಕೈ ತೊಳೆದುಕೊಂಡರು ಎಂದರ್ಥ. ಸರಿ, ನೋಡಿದೆ. ಅಮ್ಮನಿಗೆ ಅರವತ್ತೊಂಬತ್ತು, ಮಂಡಿ ನೋವು. ತಮ್ಮನ ಮಗಳಿಗೆ ಏಳು. ಅವಳ ಅಣ್ಣನಿಗೆ ಹದಿನಾರು, ಅಲೆ ಚಿಕ್ಕದಾದರೆ ಮುಖ ಊದಿಸುವವನು. ತಂಗಿಗೆ ಬಕೆಟ್ಟಿನ ನೀರು ಕಂಡರೂ ಭಯ. ಅವಳ ಗಂಡ ಕೂತ ಕಡೆ ದೋಣಿ ವಾಲುವುದು ಖಂಡಿತ. ತಮ್ಮ ಮತ್ತು ಅವನ ಹೆಂಡತಿ ಎಲ್ಲದಕ್ಕೂ ಸೈ. ಐದು ರಾಫ್ಟಿಂಗ್ ಕಚೇರಿಗಳವರ ತಲೆ ತಿಂದೆ. ನದಿಯ ಮೇಲಿನ ಭಾಗಕ್ಕೆ ಹದಿನಾಲ್ಕು ತುಂಬದವರನ್ನು ಬಿಡುವುದಿಲ್ಲ. ಕೆಳಗಿನ ಭಾಗದಲ್ಲಿ ಹುಡುಗ ನಿದ್ದೆ ಹೋಗುತ್ತಾನೆ. ಮೂರು ವಾರ ಹುಡುಕಿದ ಮೇಲೆ ನಡುವಿನ ಆರು ಕಿಲೋಮೀಟರ್ ಸಿಕ್ಕಿತು. ಸಣ್ಣ ಇಳಿಜಾರು ಎರಡೇ, ಅಮ್ಮನಿಗೆ ಕಾಲು ಚಾಚುವಷ್ಟು ಜಾಗ, ಕೊನೆಯಲ್ಲಿ ಹುಡುಗ ನೀರಿಗೆ ಹಾರಲು ಒಂದು ಬಂಡೆ. ಏಳು ಜನರ ಫಾರಂ ತುಂಬಿದೆ.

ಭಾನುವಾರ ಬೆಳಿಗ್ಗೆ ದಡದ ಕಚೇರಿಯಲ್ಲಿ ಗುಮಾಸ್ತರು ಲೈಫ್ ಜಾಕೆಟ್ ಹಂಚಿದರು. ನನ್ನ ಸರದಿಗೆ ಜಾಕೆಟ್ ಇರಲಿಲ್ಲ.

“ಏಳೇ ಅಂತ ಬರ್ದಿದ್ದೀರಲ್ಲ ಮೇಡಂ. ಗೈಡ್ ಸೇರಿ ಎಂಟು. ಅದರ ಮೇಲೆ ಕೂರಿಸೋ ಹಾಗಿಲ್ಲ.”

ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪರೀಕ್ಷೆಯ ಆಸನ ಹಂಚುತ್ತಿದ್ದೇನೆ. ಒಬ್ಬ ವಿದ್ಯಾರ್ಥಿಯೂ ಬೆಂಚಿಲ್ಲದೆ ನಿಂತಿದ್ದಿಲ್ಲ. ಆದರೆ ಆ ಪಟ್ಟಿಯಲ್ಲಿ ಹಂಚುವವಳ ಹೆಸರು ಇರುವುದಿಲ್ಲ. ಇಲ್ಲಿಯೂ ಬಾಗಿಲಲ್ಲಿ ನಿಂತೇ ತಲೆ ಎಣಿಸಿದ್ದೆ, ಪೆದ್ದಿ.

“ನಾನು ಇಳೀಲಾ ಅಕ್ಕ?” ಎಂದ ತಮ್ಮ, ಜಾಕೆಟ್ಟಿನ ಪಟ್ಟಿ ಬಿಗಿಯುತ್ತಲೇ.

“ಬೇಡ ಬಿಡೋ” ಎಂದೆ. ಇನ್ನೊಂದು ಸಲ ಕೇಳಲಿ ಎಂದು ಕಾದೆ. ಕೇಳಲಿಲ್ಲ.

“ಹೇಗೂ ಫೋನ್ ನೋಡ್ಕೊಳ್ಳೋಕೆ ಒಬ್ರು ಬೇಕಿತ್ತಲ್ಲ ಅತ್ತಿಗೆ” ಎಂದು ಅವನ ಹೆಂಡತಿ ಎಲ್ಲರ ಫೋನನ್ನೂ ನನ್ನ ಬ್ಯಾಗಿಗೆ ಹಾಕಿದಳು. “ಅವಳಿಗೆ ಇದೆಲ್ಲ ಎಲ್ಲಿ ಇಷ್ಟ!” ಎಂದರು ಅಮ್ಮ.

ದೋಣಿ ತಿರುವಿನಲ್ಲಿ ಮರೆಯಾಯಿತು. ಮೈಯೆಲ್ಲ ಉರಿಯಿತು. ಯಾರ ಮೇಲೆ ಹರಿಹಾಯಬೇಕೆಂದು ತಿಳಿಯದೆ ಬೆಂಚಿನ ಮೇಲೆ ಕೂತೆ.

“ಮೇಡಂ, ಈಜು ಬರತ್ತಾ?” ಗುಮಾಸ್ತರು ಕೇಳಿದರು. “ನದಿ ಮೇಲಿನ ಭಾಗಕ್ಕೆ ಹೋಗೋ ಗುಂಪಲ್ಲಿ ಒಂದು ಜಾಗ ಖಾಲಿ ಇದೆ.”

ಎದ್ದೇಬಿಟ್ಟೆ. ವಯಸ್ಸು, ತೂಕ, ಈಜು ಎಲ್ಲ ಬರೆದೆ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿಗೆ ಬಂದಾಗ ಕೈ ತಡೆಯಿತು. ಆ ಏಳೂ ಜನರ ಫಾರಂನಲ್ಲಿ ಅಲ್ಲಿ ನನ್ನ ನಂಬರನ್ನೇ ಬರೆದಿದ್ದೆ. ಈಗ ತಮ್ಮನದು ಬರೆದೆ.

“ಒಂದ್ಸಲ ರಿಂಗ್ ಕೊಟ್ಟು ನೋಡ್ತೀವಿ. ಸುಮಾರು ಜನ ತಪ್ಪು ನಂಬರ್ ಬರೀತಾರೆ.”

ನನ್ನ ಬ್ಯಾಗಿನೊಳಗೆ ಫೋನ್ ಹೊಡೆದುಕೊಂಡಿತು. ತಂಗಿಯ ನಂಬರ್ ಹೇಳಿದೆ. ಅದೂ ಅಲ್ಲೇ ಹೊಡೆದುಕೊಂಡಿತು.

“ಎತ್ತೋರು ಯಾರಾದ್ರೂ ಬೇಕು ಮೇಡಂ. ಸ್ನೇಹಿತರು, ಕೆಲಸದ ಕಡೆಯವರು?”

ಯೋಚಿಸಿದೆ. ಮುಖಗಳೇನೋ ನೆನಪಾದವು. ನನಗೇನಾದರೂ ಆಯಿತು ಎಂದು ಭಾನುವಾರ ಕರೆದರೆ ಓಡಿಬರುವ ಮುಖ ಒಂದೂ ಸಿಗಲಿಲ್ಲ. ಹೊರಗೆ ಜೀಪಿನವನು ಹಾರ್ನ್ ಹೊಡೆದ.

ಗುಮಾಸ್ತರು ಫಾರಂ ತಮ್ಮ ಕಡೆ ತಿರುಗಿಸಿಕೊಂಡು ಒಂದು ನಂಬರ್ ಬರೆದರು.

“ಇದು ಯಾರದ್ದು?”

“ನಂದೇ. ಎರಡು ಗಂಟೆ ಮಟ್ಟಿಗೆ ಇರ್ಲಿ ಬಿಡಿ.” ಪೆನ್ನು ಮುಂದಿನ ಸಾಲಿನಲ್ಲಿ ನಿಂತಿತು. “ಸಂಬಂಧ ಅಂತ ಕೇಳಿದ್ದಾರೆ. ಏನ್ ಬರೀಲಿ?”

“ಖಾಲಿ ಬಿಡಿ” ಎಂದೆ. ಬ್ಯಾಗನ್ನು ಅವರ ಮೇಜಿನ ಮೇಲಿಟ್ಟು, ಗುರುತಿಲ್ಲದವರ ನಡುವೆ ಜೀಪು ಹತ್ತಿದೆ.