ಕಂದು ಪಟ್ಟಿಯ ಕ್ಯಾಮೆರಾ

ಜಗಳೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಪಾಪಣ್ಣನ ಸ್ಟುಡಿಯೋ. ಬೋರ್ಡಿನಲ್ಲಿ ಸ್ಟುಡಿಯೋದ ಹೆಸರಿಗೆ ಅಂಗೈಯಗಲ ಜಾಗ ಬಿಟ್ಟು, ಉಳಿದದ್ದರ ತುಂಬ ‘ಬೊಂಬಾಯಿ ಫ್ಯಾಷನ್ ಶೋ ಫೋಟೋಗ್ರಾಫರ್’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದ. ಆ ಕಾಲಕ್ಕೆ ಜಗಳೂರಿನಲ್ಲಿ ಫ್ಯಾಷನ್ ಶೋ ಎಂದರೇನೆಂದು ಗೊತ್ತಿದ್ದವರು ಇಬ್ಬರೋ ಮೂವರೋ. ಅವರಿಗೂ ಹೇಳಿಕೊಟ್ಟವನು ಪಾಪಣ್ಣನೇ. ಇನ್ನು ತಕರಾರು ತೆಗೆಯುವವರು ಯಾರು?

ಎಪ್ಪತ್ತನೇ ಇಸವಿಯಲ್ಲಿ ಬೊಂಬಾಯಿಗೆ ಹೋಗಿ ನಾಲ್ಕು ವರ್ಷ ಇದ್ದು ಬಂದದ್ದು ನಿಜ. ಬಟ್ಟೆ ಮಿಲ್ಲಿನವರು ದೊಡ್ಡ ಹೋಟೆಲುಗಳಲ್ಲಿ ನಡೆಸುತ್ತಿದ್ದ ಶೋಗಳಲ್ಲಿ ಅವನು ಇದ್ದದ್ದೂ ನಿಜ. ಆದರೆ ಸುಳ್ಳು ಯಾಕೆ ಹೇಳಬೇಕು, ಅಲ್ಲಿ ಅವನ ಕೆಲಸ ಫೋಟೋ ತೆಗೆಯುವುದಲ್ಲ. ತೆಗೆಯುವ ಸಾಹೇಬರ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರು ಕೈ ಚಾಚಿದಾಗ ರೋಲು ತುಂಬಿದ ಕ್ಯಾಮೆರಾ ಕೊಡುವುದು, ಮುಗಿದದ್ದನ್ನು ಇಸಿದುಕೊಳ್ಳುವುದು. ನಾಲ್ಕು ವರ್ಷದಲ್ಲಿ ಒಂದು ಸಲವೂ ಬಟನ್ ಒತ್ತಲಿಲ್ಲ. ಆ ಸುಂದರಿಯರನ್ನು ನೆಟ್ಟಗೆ ನೋಡಲೂ ಇಲ್ಲ. ಅವನು ನೋಡಿದ್ದೆಲ್ಲ ಸಾಹೇಬರ ಬೂಟುಗಳನ್ನು. ಈ ಸಂಗತಿ ಊರಲ್ಲಿ ಯಾರಿಗೂ ಗೊತ್ತಿಲ್ಲ, ಹೆಂಡತಿ ಅಂಜಮ್ಮನಿಗೂ ಗೊತ್ತಿಲ್ಲ ಎಂದು ಅವನು ನಂಬಿಕೊಂಡಿದ್ದ.

ಹೊಟ್ಟೆಪಾಡು ನಡೆಯುತ್ತಿದ್ದುದು ಮದುವೆಗಳ ಮೇಲೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದಲೂ ಕರೆ ಬರುತ್ತಿತ್ತು. ಬೊಂಬಾಯಿ ಎನ್ನುವ ಮಾತು ಅಷ್ಟು ದೂರ ಹಬ್ಬಿತ್ತು. ಮದುವೆಮನೆಯಲ್ಲಿ ಫೋಟೋದವನ ಗೋಳು ಫೋಟೋದವನಿಗೇ ಗೊತ್ತು. ಮಾವ, ಭಾವ, ಅಡಿಗೆಯವರು, ಬಸ್ಸು ತಪ್ಪಿ ಅಲ್ಲಿಗೆ ಬಂದವರು, ಎಲ್ಲರೂ ಸಾಲಾಗಿ ನಿಂತು ಹಲ್ಲು ಬಿಡುವವರೇ. “ನಮ್ದೊಂದು ತೆಗೀರಿ” ಎನ್ನುತ್ತಾರೆ. ಆಮೇಲೆ ಕಾಸು ಕೊಟ್ಟು ಫೋಟೋ ಒಯ್ಯಲು ಸ್ಟುಡಿಯೋ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಪಾಪಣ್ಣ ಎರಡು ಕ್ಯಾಮೆರಾ ಇಟ್ಟಿದ್ದ. ಎರಡೂ ಒಂದೇ ಥರದವು. ಎಡ ಹೆಗಲಿನದಕ್ಕೆ ಕಪ್ಪು ಪಟ್ಟಿ, ಅದರಲ್ಲಿ ರೋಲು. ಬಲ ಹೆಗಲಿನದಕ್ಕೆ ಕಂದು ಪಟ್ಟಿ, ಅದರಲ್ಲಿ ಗಾಳಿ. ಹಲ್ಲು ಬಿಟ್ಟು ನಿಂತವರಿಗೆ ಕಂದು ಪಟ್ಟಿಯಲ್ಲಿ ಫಳ್ ಎಂದು ಫ್ಲ್ಯಾಶ್ ಹೊಡೆದು “ಭೇಷ್ ಬಂತ್ರೀ” ಎಂದರೆ ಅವರೂ ಖುಷಿ, ರೋಲೂ ಉಳಿಯಿತು.

ಹತ್ತು ವರ್ಷ ಇದೇ ಕೆಲಸ ಮಾಡಿ ಮಾಡಿ ಅವನ ಕೈಗಳಿಗೆ ಅವುಗಳದೇ ಬುದ್ಧಿ ಬಂದುಬಿಟ್ಟಿತ್ತು. ಕ್ಯಾಮೆರಾ ಕಡೆ ನೋಡಿ ನಗುವವರು ಕಂಡರೆ ಬಲಗೈ ಏಳುತ್ತಿತ್ತು. ತಲೆ ತಗ್ಗಿಸಿದ ಮದುಮಗಳು, ಅಯ್ನೋರ ಬಾಯಿ ನೋಡುವ ಮದುಮಗ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ ಕಂಡರೆ ಎಡಗೈ. ಪಾಪಣ್ಣ ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ.

ಕತ್ತಲೆಕೋಣೆಯಲ್ಲಿ ಫೋಟೋ ತೊಳೆದು ಒಣಗಿಸುವವಳು ಅಂಜಮ್ಮ. ಅವಳಿಗೆ ಈ ಕಂದು ಪಟ್ಟಿಯ ವಿದ್ಯೆ ಸೇರುತ್ತಿರಲಿಲ್ಲ. “ಅಲ್ರೀ, ಪಾಪ, ತಲೆ ಬಾಚ್ಕೊಂಡು ಬಂದು ನಿಂತಿರ್ತಾರೆ. ಅವ್ರ ನಗು ಎಲ್ಲಿಗೆ ಹೋಗ್ತೈತೆ?” ಎನ್ನುತ್ತಿದ್ದಳು.

“ಬೊಂಬಾಯಾಗೆಲ್ಲ ಹಿಂಗೇನೇ ಕಣೆ” ಎನ್ನುತ್ತಿದ್ದ ಪಾಪಣ್ಣ. ಬೊಂಬಾಯಿ ಎಂದ ಮೇಲೆ ಮುಗಿಯಿತು.

ಎಂಬತ್ತನಾಲ್ಕರಲ್ಲಿ ಆ ಬೊಂಬಾಯಿಯೇ ಹುಡುಕಿಕೊಂಡು ಬಂತು. ಒಂದು ಮಿಲ್ಲಿನವರು ಪೇಟೆಗಳಲ್ಲಿ ವ್ಯಾಪಾರ ಸೊರಗಿದ್ದರಿಂದ ತಮ್ಮ ಫ್ಯಾಷನ್ ಶೋವನ್ನು ಸಣ್ಣ ಊರುಗಳಿಗೆ ಕಳಿಸಿದರು. ಬೊಂಬಾಯಿಯದೇ ಹುಡುಗಿಯರು, ಬೊಂಬಾಯಿಯದೇ ಬಣ್ಣದ ದೀಪಗಳು. ಮೊದಲ ಶೋ ಚನ್ನಗಿರಿಯ ಟಾಕೀಸಿನಲ್ಲಿ, ಮಧ್ಯಾಹ್ನದ ಆಟ ನಿಲ್ಲಿಸಿ. ಅಲ್ಲಿಂದ ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು. ಚನ್ನಗಿರಿಯಲ್ಲಿ ಆ ಮಿಲ್ಲಿನ ಸೀರೆ ಮಾರುತ್ತಿದ್ದ ಜಯದೇವಪ್ಪನವರು “ಫೋಟೋಕ್ಕೆ ನಮ್ ಪಾಪಣ್ಣ ಇದಾನೆ, ಇಂಥವು ನೂರು ತೆಗ್ದವ್ನು” ಎಂದು ಮ್ಯಾನೇಜರಿಗೆ ಹೇಳಿಬಿಟ್ಟರು.

ಮ್ಯಾನೇಜರ್ ಬೊಂಬಾಯಿಯವರು, ಹಿಂದಿ ಮಾತಾಡುವವರು. ಪೇಪರಿಗೆ ಕೊಡಲು ಕಪ್ಪು ಬಿಳುಪು ಸಾಕು ಎಂದು ಒಂದೇ ಒಂದು ರೋಲು ಕೊಟ್ಟರು. ಆರು ಹುಡುಗಿಯರು, ಒಬ್ಬೊಬ್ಬಳಿಗೆ ಆರು ಸೀರೆ, ಮೂವತ್ತಾರು ಫೋಟೋ. ಒಂದೂ ದಂಡವಾಗಕೂಡದು. ಚೆನ್ನಾಗಿ ಬಂದರೆ ದೀಪಾವಳಿಗೆ ಬೊಂಬಾಯಿಯಲ್ಲಿ ನಡೆಯುವ ದೊಡ್ಡ ಶೋಗೆ ನೀನೇ ಫೋಟೋಗ್ರಾಫರ್, ಎರಡು ದಿನ ಬಿಟ್ಟು ಜಗಳೂರಿಗೆ ಬಂದು ನೋಡುತ್ತೇನೆ ಎಂದರು.

ಪಾಪಣ್ಣನ ಕಿವಿಯಲ್ಲಿ ಬೇರೇನೂ ಉಳಿಯಲಿಲ್ಲ. ಹತ್ತು ವರ್ಷ ಬಿಸಿಲು ತಿಂದ ಆ ಬೋರ್ಡು ಈಗ ನಿಜವಾಗುವುದರಲ್ಲಿತ್ತು. ಒಂದು ರೋಲು ನೆಟ್ಟಗೆ ತೆಗೆದರೆ ಸಾಕು, ಸತ್ತರೂ ಸುಳ್ಳುಗಾರನಾಗಿ ಸಾಯಬೇಕಿಲ್ಲ.

ಇತ್ತ ಚನ್ನಗಿರಿಯಲ್ಲಿ ಗಲಾಟೆ ಎದ್ದಿತ್ತು. ಕೆರೆಬಿಳಚಿಯ ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನವರು ‘ನಮ್ಮ ಹೆಣ್ಣುಮಕ್ಕಳ ಮಾನ ಉಳಿಸಿ’ ಎಂದು ಕರಪತ್ರ ಹಂಚಿದ್ದರು. ಪಂಚಾಯಿತಿ ನಡೆದು ಒಂದು ತೀರ್ಮಾನವಾಯಿತು: ಶೋ ನಡೆಯಲಿ, ಆದರೆ ಹೆಂಗಸರನ್ನು ಒಳಗೆ ಬಿಡಕೂಡದು. ಸೀರೆಯ ಪ್ರದರ್ಶನ, ಸೀರೆ ಉಡುವವರಿಗೆ ಪ್ರವೇಶವಿಲ್ಲ! ಒಳಗೆ ಏನೇನು ಅನಾಚಾರ ನಡೆಯುತ್ತದೆಂದು ಖುದ್ದು ಪರೀಕ್ಷೆ ಮಾಡಲು ಪಂಚಾಕ್ಷರಪ್ಪನವರೂ ಅವರ ಜೊತೆಗಾರರೂ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡರು.

ಒಳಗಿದ್ದ ಊರಿನ ಹೆಂಗಸೆಂದರೆ ಅಂಜಮ್ಮ ಒಬ್ಬಳೇ. ಫ್ಲ್ಯಾಶಿನ ಬ್ಯಾಟರಿ ಚೀಲವನ್ನೂ ಬುತ್ತಿಯನ್ನೂ ಹೊತ್ತು ಬಂದವಳನ್ನು ಯಾರೂ ಹೆಂಗಸೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಳು.

ಮೊದಲ ಸಾಲಿನ ದೊಡ್ಡವರು “ನಮ್ದೊಂದು, ನಮ್ದೊಂದು” ಎಂದು ಪೀಡಿಸುತ್ತಾರೆಂದು ಗೊತ್ತಿದ್ದ ಪಾಪಣ್ಣ ಕಂದು ಪಟ್ಟಿಯದನ್ನೂ ಬಲ ಹೆಗಲಿಗೆ ಹಾಕಿಕೊಂಡು ಬಂದಿದ್ದ. ರೋಲು ಉಳಿಸಬೇಕಲ್ಲ. ಹಾಡು ಶುರುವಾಯಿತು, ದೀಪ ಹತ್ತಿತು, ಹಲಗೆ ಜೋಡಿಸಿ ಕಟ್ಟಿದ ಉದ್ದನೆಯ ಕಟ್ಟೆಯ ಮೇಲೆ ಮೊದಲ ಹುಡುಗಿ ನಡೆದು ಬಂದಳು. ಅಬ್ಬಬ್ಬಾ! ತುದಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಸೀದಾ ಪಾಪಣ್ಣನ ಕಡೆ ನೋಡಿ ನಕ್ಕಳು. ನಾಲ್ಕು ವರ್ಷ ಬೂಟು ನೋಡಿಕೊಂಡು ಕೂತಿದ್ದವನ ಎದೆ ಧಸಕ್ ಎಂದಿತು. ಫಳ್ ಎಂದು ಫ್ಲ್ಯಾಶ್ ಬಿತ್ತು. “ಭೇಷ್ ಬಂತು!” ಎಂದು ಬಾಯಿಗೆ ಬಂದೇಬಿಟ್ಟಿತು.

ಮೊದಲ ಸಾಲಿನವರೋ, ಪಾಪಣ್ಣ ತಮ್ಮ ಕಡೆ ತಿರುಗಿದರೆ ಸಾಕು, ಹಾವು ಕಂಡವರಂತೆ ಮುಖ ತಿರುವುತ್ತಿದ್ದರು. ಜಯದೇವಪ್ಪನವರು ಶಾಲನ್ನು ತಲೆಯ ಮೇಲೆಳೆದುಕೊಂಡರು. ಪಂಚಾಕ್ಷರಪ್ಪನವರು ತಮ್ಮದೇ ಕರಪತ್ರವನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಮೇಲಂಚಿನಿಂದ ಹುಡುಗಿಯರನ್ನು ನೋಡುತ್ತಿದ್ದರು. “ಏ ಪಾಪಣ್ಣ, ನಮ್ ಕಡೆ ತಿರುಗ್ಬ್ಯಾಡವೋ” ಎಂದು ಗದರಿದರು. ಆದರೂ ಪಾಪಣ್ಣನ ಫ್ಲ್ಯಾಶ್ ಅವರ ಮೇಲೂ ಬೀಳುತ್ತಲೇ ಇತ್ತು. ಯಾವ ಮದುವೆಯಲ್ಲೂ ಇವರು ಇಷ್ಟು ನಾಚಿದ್ದನ್ನು ಅವನು ಕಂಡಿರಲಿಲ್ಲ.

ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಕಪ್ಪು ಪಟ್ಟಿಯ ಕ್ಯಾಮೆರಾದ ಅಂಕಿ ನೋಡಿದ, ಸರಿಯಾಗಿ ಮೂವತ್ತಾರು. ಒಂದೂ ದಂಡವಾಗಿರಲಿಲ್ಲ. ಜಗಳೂರಿನ ಬಸ್ಸಿನಲ್ಲಿ ಅಂಜಮ್ಮನಿಗೆ ಬೊಂಬಾಯಿಯ ಸಮುದ್ರದ ವಿಚಾರ ಹೇಳುತ್ತ ಬಂದ. ದೀಪಾವಳಿಗೆ ಅವಳನ್ನೂ ಕರೆದುಕೊಂಡು ಹೋಗುವುದೆಂದು ಅರ್ಧ ದಾರಿಯಲ್ಲೇ ನಿಶ್ಚಯವಾಯಿತು.

ಮರುದಿನ ಬೆಳಿಗ್ಗೆ ಕತ್ತಲೆಕೋಣೆಯ ಕೆಂಪು ಬಲ್ಬಿನ ಕೆಳಗೆ ಗಂಡ ಹೆಂಡತಿ ಟ್ರೇ ಮುಂದೆ ನಿಂತರು. ಮೊದಲ ಹಾಳೆ ರಸಾಯನದ ನೀರಿಗೆ ಬಿತ್ತು. ಬಿಳಿ ಹಾಳೆಯಲ್ಲಿ ನಿಧಾನಕ್ಕೆ ಏನೋ ಕಪ್ಪಗೆ ಮೂಡಿತು.

“ಇದೇನ್ರೀ ಇದು, ಮೀಸೆ ಐತೆ?” ಎಂದಳು ಅಂಜಮ್ಮ.

ಅದು ಪಂಚಾಕ್ಷರಪ್ಪನವರ ಮೀಸೆ. ಕರಪತ್ರದ ಎರಡೂ ಬದಿಗೆ ಅದರ ತುದಿಗಳು, ಕರಪತ್ರದ ಮೇಲೆ ಎರಡು ಕಣ್ಣು. ಎರಡನೆಯದರಲ್ಲಿ ಶಾಲು ಹೊದ್ದು ಮದುಮಗಳಂತೆ ತಲೆ ತಗ್ಗಿಸಿದ ಜಯದೇವಪ್ಪನವರು. ಮೂರನೆಯದರಲ್ಲಿ ಬೆರಳ ಸಂದಿಯಿಂದ ನೋಡುವ ಯಾರೋ ಮೇಷ್ಟ್ರು. ನಾಲ್ಕು, ಐದು, ಹತ್ತು, ಇಪ್ಪತ್ತು. ಬಗ್ಗಿದ ತಲೆಗಳು, ಬಿಟ್ಟ ಬಾಯಿಗಳು. ಒಬ್ಬ ಹುಡುಗಿಯೂ ಇಲ್ಲ, ಒಂದು ಸೆರಗೂ ಇಲ್ಲ. ನಕ್ಕವರೆಲ್ಲ ಬಲಗೈಗೆ ಹೋಗಿದ್ದರು, ನಾಚಿದವರೆಲ್ಲ ಎಡಗೈಗೆ ಬಂದಿದ್ದರು.

ಪಾಪಣ್ಣ ಅಲ್ಲೇ ಕುಸಿದು ಕೂತ. “ನನ್ನ ಕೈಗೆ ಬೆಂಕಿ ಬೀಳ! ನನ್ನ ಕೈಗೆ ಬೆಂಕಿ ಬೀಳ!” ಎಂದು ತೊಡೆ ಬಡಿದುಕೊಂಡ. ಅಂಜಮ್ಮ ಮೊದಲು ಬಾಯಿಗೆ ಸೆರಗು ತುರುಕಿಕೊಂಡಳು, ಆಮೇಲೆ ತಡೆಯಲಾರದೆ ನಕ್ಕಳು, ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಅವನ ಕಣ್ಣಲ್ಲಿ ನೀರಿತ್ತು. ಉಳಿದದ್ದನ್ನು ಅವಳೇ ತೊಳೆದಳು. ಕೊನೆಯ ಹಾಳೆ ಮೂಡುವಾಗ ಸ್ವಲ್ಪ ಹೊತ್ತು ಬಗ್ಗಿ ನೋಡಿ, ಒಣಗಿದ ಮೇಲೆ ಎಲ್ಲದರ ಕೆಳಗೆ ಇಟ್ಟಳು.

ಹೇಳಿದ ದಿನಕ್ಕೆ ಸರಿಯಾಗಿ ಮ್ಯಾನೇಜರ್ ಬಂದರು. ಕುರ್ಚಿಯಲ್ಲಿ ಕೂತು ಒಂದೊಂದೇ ಫೋಟೋ ನೋಡಿದರು. ಹತ್ತಾಗುವಷ್ಟರಲ್ಲಿ ಮುಖ ಕೆಂಪಗಾಯಿತು. ನನ್ನ ಸೀರೆಗಳೆಲ್ಲಿ, ಈ ಮುದುಕರಿಗೆ ನಾನು ಸೀರೆ ಉಡಿಸಿದ್ದೆನೇ ಎಂದು ಕೂಗಾಡಿದರು. ಬೊಂಬಾಯಿಯಲ್ಲಿ ಯಾರ ಕೈಕೆಳಗೆ ಕೆಲಸ ಕಲಿತೆ ಎಂದು ಕೇಳಿದರು. ಅವನು ಸಾಹೇಬರ ಹೆಸರು ಹೇಳಿದ.

ಮ್ಯಾನೇಜರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಸಿಟ್ಟು ಇಳಿದು ನಗು ಬಂತು. ಆ ಸಾಹೇಬರ ಕಾಲ ಹತ್ತಿರ ಕೂತು ರೋಲು ಹಾಕುತ್ತಿದ್ದ ಹುಡುಗ ನೀನೇನಾ, ಮೊದಲೇ ಹೇಳಬಾರದಾ ಎಂದರು. ಅಂಥ ಚುರುಕಿನ ಕೈ ಈಗ ಬೊಂಬಾಯಿಯಲ್ಲೇ ಇಲ್ಲವಂತೆ. ದೀಪಾವಳಿಗೆ ಬಾ, ರೋಲು ಹಾಕುವ ಕೆಲಸ ನಿನ್ನದೇ ಎಂದರು. ಅವರು ಅದನ್ನು ಹೊಗಳಿಕೆ ಎಂದೇ ತಿಳಿದು ಹೇಳಿದ್ದು.

ಚಹಾ ತಂದ ಅಂಜಮ್ಮ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹಿಂದಿ ಅವಳಿಗೂ ತಿಳಿಯುತ್ತಿತ್ತು. ಪಾಪಣ್ಣ ತಲೆ ಎತ್ತಲಿಲ್ಲ.

ಮ್ಯಾನೇಜರ್ ಫೋಟೋಗಳನ್ನು ಒಟ್ಟುಮಾಡಿ ಎದ್ದವರು ಕೊನೆಯದನ್ನು ಕಂಡು ಮತ್ತೆ ಕೂತರು. ಟಾಕೀಸಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತ ಒಬ್ಬಳು ಹೆಂಗಸು. ಕ್ಯಾಮೆರಾ ಕಡೆ ಅವಳ ಗಮನವಿಲ್ಲ, ಕಟ್ಟೆಯ ಮೇಲೆ ನಡೆಯುವ ಹುಡುಗಿಯರನ್ನೇ ನೋಡುತ್ತಿದ್ದಾಳೆ. ಮೈಮೇಲೆ ಅದೇ ಮಿಲ್ಲಿನ ಸೀರೆ, ಮೂರು ವರ್ಷದ ಹಿಂದೆ ಜಯದೇವಪ್ಪನವರ ಅಂಗಡಿಯಲ್ಲಿ ಕೊಂಡದ್ದು. ಅಂಚಿನ ಹೂವುಗಳೆಲ್ಲ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ನಮ್ಮ ಬಟ್ಟೆ ಕಾಣುವುದು ಇದೊಂದರಲ್ಲೇ ಎಂದು ಮ್ಯಾನೇಜರ್ ಫೋಟೋವನ್ನೂ, ಕತ್ತರಿಸಿಕೊಂಡ ಅದರ ನೆಗೆಟಿವನ್ನೂ ಜೇಬಿಗೆ ಹಾಕಿಕೊಂಡು ಹೋದರು. ಈಕೆ ಯಾರು ಎಂದು ಕೇಳಲಿಲ್ಲ. ಈಕೆ ಎದುರಿಗೇ ಚಹಾ ಹಿಡಿದು ನಿಂತಿದ್ದಳು.

ಅವರ ಕಾರು ಹೋದ ಮೇಲೂ ಪಾಪಣ್ಣ ಅಲ್ಲಾಡಲಿಲ್ಲ. “ಲೇ ಅಂಜೀ, ನಾನು ನಿನಗೆ ಹೇಳ್ಬೇಕಂತಾನೇ ಇದ್ದೆ...”

“ಏನು ಹೇಳಾಕೆ? ನೀವು ರೋಲು ಹಾಕ್ತಿದ್ರಿ ಅಂತಾನಾ?” ಎಂದಳು ಅಂಜಮ್ಮ. “ಮದ್ವೆ ಆದ ವರ್ಷನೇ ಗೊತ್ತಿತ್ತು ಬಿಡ್ರಿ. ನಾಲ್ಕು ವರ್ಷ ಫೋಟೋ ತೆಗ್ದವ್ರು ಒಂದಾದ್ರೂ ತಂದು ತೋರಿಸ್ತಿರ್ಲಿಲ್ವಾ?”

ಪಾಪಣ್ಣನಿಗೆ ಹತ್ತು ವರ್ಷ ಅವಳ ಮುಂದೆ ಬೊಂಬಾಯಿ, ಬೊಂಬಾಯಿ ಎಂದದ್ದೆಲ್ಲ ನೆನಪಾಗಿ ನೆಲ ಬಾಯಿ ಬಿಡಬಾರದೇ ಎನಿಸಿತು.

ಅಂಜಮ್ಮ ಮುಖ ತೊಳೆದುಕೊಂಡು ಬಂದಳು. ತಲೆ ಬಾಚಿ, ಕುಂಕುಮ ಇಟ್ಟು, ಬಾತುಕೋಳಿಗಳ ಚಿತ್ರವಿದ್ದ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಳು. “ಇದ್ದದ್ದೊಂದನ್ನೂ ಆ ಮಾರಾಯ ತಗೊಂಡು ಹೋದ. ನನ್ನದೊಂದು ತೆಗೀರಿ” ಎಂದು ಅವನ ಕಡೆ ನೋಡಿ ನಕ್ಕಳು. ಆ ನಗು ಕಂಡು ಪಾಪಣ್ಣನಿಗೆ ಜೀವ ಬಂದಂತಾಯಿತು. ದಡಬಡನೆ ಎದ್ದು, ಗೋಡೆಯ ಮೊಳೆಯಲ್ಲಿ ಜೋತಾಡುತ್ತಿದ್ದ ಕ್ಯಾಮೆರಾ ತೆಗೆದು ಕಣ್ಣಿಗಿಟ್ಟ.

“ತಡೀರಿ. ಹಿಂದಿನ ಮುಚ್ಚಳ ತೆಗ್ದು ತೋರ್ಸ್ರಿ.”

“ರೋಲಿಗೆ ಬೆಳಕು ಬಿದ್ರೆ ಹಾಳಾಗ್ತೈತೆ ಕಣೆ. ನಿನಗೆ ಗೊತ್ತಿಲ್ವಾ?”

“ಆಗ್ಲಿ, ಒಂದು ರೋಲು ತಾನೆ. ತೋರ್ಸ್ರಿ.”

ಇವಳೂ ನಂಬುವುದಿಲ್ಲವಲ್ಲ ಎಂದು ಅವನಿಗೆ ನೋವಾಯಿತು, ಸಿಟ್ಟೂ ಬಂತು. ಸಿಟ್ಟಿನಲ್ಲೇ ಟಕ್ಕೆಂದು ಮುಚ್ಚಳ ತೆಗೆದು ಅವಳ ಮುಖದ ಮುಂದೆ ಹಿಡಿದ. ಅಂಜಮ್ಮ ಬಗ್ಗಿ ಒಳಗೆ ನೋಡಿದಳು. ಆಮೇಲೆ ಅವನೂ ತಿರುಗಿಸಿ ನೋಡಿದ. ಒಳಗೆ ಏನೂ ಇರಲಿಲ್ಲ. ಕೈಗೆ ಸುತ್ತಿಕೊಂಡಿದ್ದ ಪಟ್ಟಿ ಕಂದು ಬಣ್ಣದ್ದು.

“ಯುಗಾದಿಗೊಂದು, ದೀಪಾವಳಿಗೊಂದು ಹಿಂಗೇ ಕೂರಿಸಿ ಫ್ಲ್ಯಾಶ್ ಹೊಡ್ದೀರಿ” ಎಂದಳು ಅಂಜಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ತೊಳೆಯೋಳು ನಾನೇ ಅಲ್ವಾ? ಹತ್ತು ವರ್ಷದಾಗೆ ನನ್ನ ಮುಖ ಟ್ರೇಯಾಗೆ ಒಂದ್ಸಲನೂ ಮೂಡಿಲ್ಲ. ಮೊನ್ನೆನೇ ಮೊದ್ಲು. ಅದೂ ನಾನು ನಿಮ್ ಕಡೆ ನೋಡ್ದೇ ಇದ್ದಾಗ.”

ಖಾಲಿ ಕ್ಯಾಮೆರಾ ಹಿಡಿದು ನಿಂತ ಪಾಪಣ್ಣನನ್ನು ಕಂಡು ಅಂಜಮ್ಮನಿಗೇ ಅಯ್ಯೋ ಎನಿಸಿರಬೇಕು. ಸ್ಟೂಲನ್ನು ಪಕ್ಕಕ್ಕೆ ತಿರುಗಿಸಿ, ಮುಖವನ್ನು ಬಾಗಿಲ ಕಡೆ ಮಾಡಿ, ತಲೆ ಸ್ವಲ್ಪ ತಗ್ಗಿಸಿ ಕೂತಳು.

“ಈಗ ತೆಗೀರಿ” ಎಂದಳು.

ಪಾಪಣ್ಣನ ಎಡಗೈ ತಾನಾಗಿಯೇ ಕಪ್ಪು ಪಟ್ಟಿಯ ಕಡೆ ಹೋಯಿತು.