ಹನ್ನೊಂದನೇ ನಂಬರಿನ ಕಿವಿ

ಕಿವಿಯ ವಿಷಯಕ್ಕೆ ಬಂದರೆ ಅವಳೆದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಒಳಗಿವಿಯನ್ನೇ ಅರೆದು ಕುಡಿದ ವಿಜ್ಞಾನಿ ಅವಳು. ಸತ್ತವರು ದಾನ ಕೊಟ್ಟ ಕಿವಿಯ ಎಲುಬನ್ನು ತಿಂಗಳುಗಟ್ಟಲೆ ದ್ರಾವಣದಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಳ್ಳಗೆ ಕತ್ತರಿಸಿ, ಬಣ್ಣ ಹಚ್ಚಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸುವುದು ಅವಳ ಕೆಲಸ. ಬಟಾಣಿ ಕಾಳಿನಷ್ಟು ಜಾಗ, ಶಂಖದ ಹಾಗೆ ಸುತ್ತಿಕೊಂಡಿರುತ್ತದೆ. ಅದರೊಳಗೆ ಸದ್ದು ಹಿಡಿಯುವ ಕೋಶಗಳು ಸಾಲಾಗಿ ನಿಂತಿರುತ್ತವೆ, ಅವುಗಳಿಂದ ಮಿದುಳಿಗೆ ನರದ ಎಳೆಗಳು ಹೋಗುತ್ತವೆ. ಕೋಶ ಸತ್ತರೆ ಕಿವುಡು, ಕೋಶ ಇದ್ದರೆ ಕಿವಿ ನೆಟ್ಟಗಿದೆ, ಇಷ್ಟೇ ಅವಳ ಸಿದ್ಧಾಂತ. ಕೋಶ ಇದ್ದೂ ಎಳೆ ಸತ್ತವರಿದ್ದಾರೆ, ಅವರಿಗೆ ಸದ್ದು ಕೇಳಿಸುತ್ತದೆ, ಆದರೆ ಗಲಾಟೆಯ ನಡುವೆ ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ ಅಂತ ಬೇರೆ ಲ್ಯಾಬಿನವರು ಬರೆದಾಗ ಮೂಗು ಮುರಿದಿದ್ದಳು. ಈಗ ಆ ಎಳೆಗಳನ್ನೂ ಎಣಿಸಲು ಹೊರಟದ್ದು ಅವರ ಬಾಯಿ ಮುಚ್ಚಿಸುವುದಕ್ಕೇ.

ಎಣಿಕೆಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕಿವಿ ಯಾರದೆಂದು ಎಣಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಎಂಥ ಜಾಣರದಾದರೂ ಸರಿ. ಹಾಗಾಗಿ ಕತ್ತರಿಸಿದ ಪದರಗಳನ್ನು ಅಂಟಿಸಿದ ಗಾಜಿನ ಪಟ್ಟಿಗಳ ಮೇಲೆ ಬರೀ ನಂಬರು. ಯಾವ ನಂಬರು ಯಾರದು ಎಂದು ಬರೆದಿಟ್ಟ ನೋಟ್‌ಬುಕ್ಕು ಲ್ಯಾಬಿನ ಹಿರಿಯ ಸಹಾಯಕಿಯ ಡ್ರಾಯರಿನಲ್ಲಿ, ಬೀಗದೊಳಗೆ. ಆಕೆಯನ್ನು ಎಲ್ಲರೂ ಗಾಜಕ್ಕ ಎಂದೇ ಕರೆಯುವುದು; ಮೂವತ್ತು ವರ್ಷದಲ್ಲಿ ಒಂದು ಪಟ್ಟಿಯನ್ನೂ ಒಡೆದವಳಲ್ಲ.

ಈ ಸಲದ ಹದಿನಾರು ಕಿವಿಗಳಲ್ಲಿ ಒಂದು ಈ ವಿಜ್ಞಾನಿಯ ಸ್ವಂತ ಅಮ್ಮನದು.

ಅಮ್ಮ ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಮುಚ್ಚಳ ಒತ್ತುವ ಯಂತ್ರದ ಮುಂದೆ ನಿಂತು ಮಕ್ಕಳಿಬ್ಬರನ್ನೂ ದಡ ಮುಟ್ಟಿಸಿದವಳು. ಕೆಲಸ ಬಿಟ್ಟ ಮೇಲೆ ಮಗನ ಮನೆಯಲ್ಲಿದ್ದಳು. ಕೋಣೆಯಲ್ಲಿ ಒಬ್ಬರೇ ಕೂತು ಮಾತಾಡಿಸಿದರೆ ಪಟಪಟ ಉತ್ತರ, ನಡುನಡುವೆ ತಮಾಷೆ ಬೇರೆ. ಊಟದ ಮೇಜಿಗೆ ಬಂದರೆ, ಟಿವಿ, ಪಾತ್ರೆಗಳ ಸದ್ದು, ಮೊಮ್ಮಕ್ಕಳ ಕಿತ್ತಾಟದ ನಡುವೆ, ಕೇಳಿದ್ದೊಂದು ಹೇಳಿದ್ದೊಂದು. ಅಣ್ಣನಿಗೆ ರೇಗುತ್ತಿತ್ತು. "ಜಾಣ ಕಿವುಡು! ಬೇಕಾದ್ದು ಮಾತ್ರ ಕೇಳಿಸುತ್ತೆ ಇವಳಿಗೆ," ಅನ್ನುತ್ತಿದ್ದ.

"ನನ್ನ ಕಿವಿ ಒಂಚೂರು ನೋಡೇ," ಅಂತ ಅಮ್ಮ ಒಂದು ದಿನ ಲ್ಯಾಬಿಗೇ ಬಂದಳು. ಮಗಳು ಸದ್ದೇ ನುಗ್ಗದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಬಿಟ್ಟಳು. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಅಮ್ಮ ಒಂದನ್ನೂ ಬಿಡದೆ ಒತ್ತಿದಳು. ಗಲಾಟೆಯ ನಡುವೆ ಮಾತು ಗುರುತಿಸುವ ಇನ್ನೊಂದು ಪರೀಕ್ಷೆಯಿತ್ತು, ಹದಿನೈದು ನಿಮಿಷದ್ದು. ಮೀಟಿಂಗಿಗೆ ಹೊತ್ತಾಗಿತ್ತು ನೋಡಿ, ಮಾಡಲಿಲ್ಲ. ಹೆತ್ತವಳಿಗೆ ಹದಿನೈದು ನಿಮಿಷ ಇರಲಿಲ್ಲ ಮಹಾತಾಯಿಗೆ!

"ವಯಸ್ಸಿಗೆ ಹೋಲಿಸಿದ್ರೆ ಭರ್ಜರಿ ಕಿವಿ ಅಮ್ಮ. ನೀನು ಗಮನ ಕೊಡಲ್ಲ, ಅಷ್ಟೆ."

"ಕೇಳಿಸುತ್ತೆ ಕಣೇ, ತಿಳಿಯಲ್ಲ. ಎಲ್ಲರ ಮಾತೂ ಒಂದರ ಮೇಲೊಂದು ಬಿದ್ದ ಹಾಗಾಗುತ್ತೆ."

ಮಗಳು ನಕ್ಕಳು. ನಗುತ್ತಲೇ ಪರೀಕ್ಷೆಯ ಚಾರ್ಟಿನ ಕೆಳಗೆ "ಕಿವಿ ಚೆನ್ನಾಗಿದೆ. ಗಮನದ ಕೊರತೆ" ಅಂತ ಬರೆದು ಸಹಿ ಹಾಕಿದಳು. ಅಮ್ಮನ ಮುಖ ಕೆಂಪಾಯಿತು. "ನಗು, ನಗು. ನಾನು ಸತ್ತ ಮೇಲೆ ಬಿಚ್ಚಿ ನೋಡು. ಏನಿತ್ತೋ ಅದನ್ನ ನಿನ್ನಣ್ಣನಿಗೂ ಹೇಳ್ಬೇಕು, ಮಾತು ಕೊಡು," ಅಂದವಳೇ ದಾನದ ಫಾರಂ ತರಿಸಿಕೊಂಡು ಅಲ್ಲೇ ಸಹಿ ಹಾಕಿದಳು. ಸಾಕ್ಷಿಯ ಸಹಿ ಗಾಜಕ್ಕನದು. ಮಗಳು ಮಾತು ಕೊಟ್ಟಳು, ಅದೂ ನಗುತ್ತಲೇ.

ಅಣ್ಣ ಆ ಚಾರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅಮ್ಮ "ಏನಂದೆ?" ಅಂದಾಗಲೆಲ್ಲ ಮಾತಿಲ್ಲದೆ ಅದರ ಕಡೆ ಬೆರಳು ತೋರಿಸುವುದು, ಮಕ್ಕಳು ಕಿಸಕ್ಕನೆ ನಗುವುದು. ಕ್ರಮೇಣ ಅಮ್ಮ "ಏನಂದೆ" ಅನ್ನುವುದನ್ನೇ ಬಿಟ್ಟಳು. ಆಮೇಲೆ ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಿ ಊಟ ಮಾಡತೊಡಗಿದಳು. ಅರಳುಮರಳು ಶುರುವಾಯಿತು ಅಂತ ಮನೆಯವರು ತೀರ್ಮಾನಿಸಿದರು. ಮಗಳೂ ಹೂಂಗುಟ್ಟಿದಳು.

ಕೊನೆಗೆ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಆರು ಹಾಸಿಗೆಯ ವಾರ್ಡು. ಯಂತ್ರಗಳ ಕೀಂ ಕೀಂ, ಗಾಲಿ ಮಂಚಗಳ ಗಡಗಡ. ಡಾಕ್ಟರು "ನೋವು ಎಲ್ಲಿದೆ?" ಅಂದರೆ ಅಮ್ಮ "ಅರವತ್ತೆಂಟು" ಅಂದಳು. "ಬುದ್ಧಿ ಸ್ಥಿಮಿತದಲ್ಲಿಲ್ಲ" ಅಂತ ಬರೆದುಕೊಂಡರು. ಆಮೇಲೆ ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಉಸಿರಿನ ಯಂತ್ರ ಹಾಕಬೇಕೋ ಬೇಡವೋ ಎನ್ನುವುದನ್ನೂ ಹಾಸಿಗೆಯ ಪಕ್ಕದಲ್ಲೇ ನಿಂತು ಮಕ್ಕಳನ್ನು ಕೇಳಿದರು. ಬೇಡ ಅಂದವಳು ಮಗಳೇ. ಅಮ್ಮ ಒಬ್ಬೊಬ್ಬರ ಬಾಯನ್ನೂ ನೋಡಿ ನೋಡಿ, ಸಾಕಾಗಿ, ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೇ ದಿನ ಹೋದಳು.

ಅದಾಗಿ ಹದಿನಾಲ್ಕು ತಿಂಗಳಾಗಿತ್ತು. ಎಣಿಕೆ ಮುಗಿಯುತ್ತ ಬಂದಿತ್ತು. ಒಂಬತ್ತನೇ ನಂಬರಿನ ಕಿವಿಯಲ್ಲಿ ಕೋಶಗಳೂ ಇದ್ದವು, ಎಳೆಗಳೂ ದಟ್ಟವಾಗಿದ್ದವು. ಇದೇ ಅಮ್ಮನ ಕಿವಿ ಅಂತ ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು. ನೋಡಮ್ಮ, ನಾನು ಹೇಳಿರಲಿಲ್ವಾ ಅಂದುಕೊಂಡು ಆ ದಿನ ಹಗುರಾಗಿ ಮನೆಗೆ ಹೋದಳು.

ಹನ್ನೊಂದನೆಯದು ಬೇರೆ ಥರ ಇತ್ತು. ಕೋಶಗಳ ಸಾಲು ಬಹುಮಟ್ಟಿಗೆ ಪೂರ್ತಿ. ಆದರೆ ಅದರ ಹಿಂದೆ ನರದ ಎಳೆಗಳಿರಬೇಕಾದಲ್ಲಿ ಖಾಲಿ ಖಾಲಿ. ಮೂರು ಸಲ ಎಣಿಸಿದಳು. ನೂರು ಇರಬೇಕಾದ ಕಡೆ ಮೂವತ್ತೆಂಟು. ಬೇರೆ ಲ್ಯಾಬಿನವರು ಹೇಳಿದ್ದೇ ನಿಜ ಹಾಗಾದರೆ! ಸೋತದ್ದು ಮರೆತು ಅವಳಿಗೆ ಅಯ್ಯೋ ಅನಿಸಿತು.

"ಪಾಪ ಕಣ್ರೀ ಗಾಜಕ್ಕ. ಈ ಜೀವಕ್ಕೆ ನಾಲ್ಕು ಜನ ಸೇರಿದ ಕಡೆ ಒಂದು ಮಾತೂ ತಿಳೀತಿರಲಿಲ್ಲ. ಮನೆಯವರು ಇವರನ್ನ ಏನೇನು ಅಂದ್ಕೊಂಡಿದ್ರೋ. ಯಾರಾದ್ರೂ ಒಬ್ಬರು ನಂಬಿದ್ರೆ ಸಾಕಿತ್ತು."

ಗಾಜಕ್ಕ ಪಟ್ಟಿ ಒರೆಸುತ್ತಿದ್ದವಳು ತಲೆಯೆತ್ತಲಿಲ್ಲ. "ಎಲ್ಲ ಬರೆದು ಸಹಿ ಹಾಕಿ ಮೊದ್ಲು," ಅಂದಳು.

ಹದಿನಾರೂ ಮುಗಿಸಿ ಸಹಿ ಹಾಕಿದ ದಿನ ಗಾಜಕ್ಕ ನೋಟ್‌ಬುಕ್ಕು ತೆಗೆದು ಮುಂದಿಟ್ಟಳು. ಒಂಬತ್ತು, ಶಾಲೆಯ ತೋಟದ ಮಾಲಿ. ಹನ್ನೊಂದು, ಡಬ್ಬಿ ಕಾರ್ಖಾನೆಯ ಕೆಲಸಗಾರ್ತಿ, ಅರವತ್ತೆಂಟು ವರ್ಷ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. "ನಿಮಗೆ ಗೊತ್ತಿತ್ತು. ನಾನು ಪಾಪ ಅಂದಾಗ ಗೊತ್ತಿತ್ತು."

"ಗೊತ್ತಿತ್ತು. ಹೇಳೋ ಹಾಗಿರಲಿಲ್ಲ," ಅಂದಳು ಗಾಜಕ್ಕ. "ನಿಮ್ಮಣ್ಣನಿಗೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ರಿ."

ಹೇಳದಿದ್ದರೆ ಯಾರು ಕೇಳುತ್ತಿದ್ದರು? ಕೇಳಬೇಕಾದವಳು ಹೋಗಿಯಾಗಿತ್ತು. ಪ್ರಬಂಧದಲ್ಲಿ ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತಿತ್ತು. ಎರಡು ವಾರ ಅವಳು ಇದನ್ನೇ ಲೆಕ್ಕ ಹಾಕಿದಳು. ಮೂರನೇ ಭಾನುವಾರ ಬೆಳಗ್ಗೆ ಎದ್ದು ಅಣ್ಣನ ಮನೆಗೆ ಹೋದಳು.

ಚಾರ್ಟು ಇನ್ನೂ ಫ್ರಿಜ್ಜಿನ ಮೇಲೇ ಇತ್ತು, ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಅವಳು ಟಿವಿ ಆರಿಸಿ, ಅಣ್ಣನೆದುರು ಕೂತು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಕೋಶ, ಎಳೆ, ಮೂವತ್ತೆಂಟು, ಮಾಡದೆ ಬಿಟ್ಟ ಹದಿನೈದು ನಿಮಿಷ.

"ಅಂದ್ರೆ ನಾಟಕ ಆಡ್ತಿರಲಿಲ್ಲ ಅವಳು," ಅಂದ ಅಣ್ಣ.

"ಇಲ್ಲ."

"ಆಸ್ಪತ್ರೆಯಲ್ಲಿ? ಬುದ್ಧಿ ನೆಟ್ಟಗಿತ್ತಾ?"

"ಇತ್ತು ಅನ್ಸುತ್ತೆ. ಗಲಾಟೆಯಲ್ಲಿ ಪ್ರಶ್ನೆ ತಿಳಿದಿಲ್ಲ, ಅಷ್ಟೆ."

ಅಣ್ಣ ಎದ್ದುಹೋಗಿ ಚಾರ್ಟು ಕಿತ್ತು ತಂದು ಅವಳ ಮುಂದಿಟ್ಟ. "ನಾನು ಓದಿದವನಲ್ಲ. ನೀನು ಬರೆದದ್ದನ್ನ ನಂಬಿದೆ. ಇದು ನಿನ್ನ ಸಹಿ ತಾನೇ?"

"ಹೌದು."

"ಆ ಯಂತ್ರ ಹಾಕ್ತೀರಾ ಅಂತ ಡಾಕ್ಟರು ಕೇಳಿದ್ರಲ್ಲ, ಅದನ್ನ ಅವಳನ್ನೇ ಬೇರೆ ಕೋಣೆಗೆ ಕರ್ಕೊಂಡು ಹೋಗಿ ಕೇಳಿದ್ರೆ ಉತ್ತರ ಹೇಳ್ತಿದ್ಲಾ?"

ಅವಳು ಚಾರ್ಟನ್ನೇ ನೋಡುತ್ತ ಕೂತಿದ್ದಳು. ಮನೆ ಪೂರಾ ನಿಶ್ಶಬ್ದವಾಗಿತ್ತು. ಅಮ್ಮನಿಗೆ ಎಲ್ಲವೂ ತಿಳಿಯುತ್ತಿದ್ದದ್ದು ಇಂಥ ಹೊತ್ತಿನಲ್ಲೇ.

"ಹೇಳ್ತಿದ್ಲು," ಅಂದಳು.