ಲಕೋಟೆಯಲ್ಲಿದ್ದ ಶಬ್ದ

"ತೆಗೆದುಬಿಡಮ್ಮ. ಪುಸ್ತಕದಲ್ಲೊಂದು ಸುಳ್ಳು ಬಿಟ್ಟು ನಾನು ಹೋಗಬಾರದು."

ದೊಡ್ಡಪ್ಪ ಆ ಮಾತನ್ನು ಬೆಳಗಿನಿಂದ ಮೂರನೆಯ ಬಾರಿ ಹೇಳಿದಾಗ ಸಂಪಾದಕಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಇಂಗ್ಲಿಷ್-ಕನ್ನಡ ಮಹಾನಿಘಂಟಿನ ಪ್ರಧಾನ ಸಂಪಾದಕರಾಗಿ ಅವರು ಕುಳಿತಿದ್ದ ಕುರ್ಚಿಯಲ್ಲಿ ಈಗ ಕುಳಿತಿದ್ದವಳು ಅವರ ತಮ್ಮನ ಮಗಳಾದ ಅವಳೇ. ಅವರು ತೆಗೆಯೆನ್ನುತ್ತಿದ್ದ ಶಬ್ದವಿರುವ ಹೊಸ ಆವೃತ್ತಿಯ ಪುಟ ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕಿತ್ತು.

"ಸಾಯಂಕಾಲದೊಳಗೆ ಹೇಳ್ತೀನಿ ದೊಡ್ಡಪ್ಪ."

"ಹೇಳೋದಲ್ಲ, ಹೊಡೆದುಹಾಕೋದು."

ಆ ಕಚೇರಿಯಲ್ಲಿ ಪುರಾತನವಾದ ಪದ್ಧತಿಯೊಂದಿತ್ತು. ನಿಘಂಟನ್ನು ಕದ್ದು ಅಚ್ಚುಹಾಕುವವರು ಸಿಕ್ಕಿಬೀಳಲೆಂದು ಪ್ರತಿಯೊಬ್ಬ ಪ್ರಧಾನ ಸಂಪಾದಕನೂ ಇಲ್ಲದ ಶಬ್ದವೊಂದನ್ನು ಸೃಷ್ಟಿಸಿ, ಅರ್ಥ ಕೊಟ್ಟು, ಇರುವ ಶಬ್ದಗಳ ಸಾಲಿನಲ್ಲಿ ಕೂರಿಸುತ್ತಿದ್ದ. ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬರೆದಿಟ್ಟು ನಿವೃತ್ತನಾಗುತ್ತಿದ್ದ. ಮುಂದಿನ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕುವುದು ಉತ್ತರಾಧಿಕಾರಿಯ ಕರ್ತವ್ಯ. ದೊಡ್ಡಪ್ಪನ ಲಕೋಟೆಯಲ್ಲಿದ್ದದ್ದು ಮೂವತ್ತೆಂಟು ವರ್ಷಗಳ ಹಿಂದೆ ಅವರು ಸೇರಿಸಿದ್ದ ಒಂದೇ ಶಬ್ದ. 'ಲಿಂಡಲ್: ನಾಮಪದ. ಯಾರೂ ಶಯನಿಸದ ಹಾಸಿಗೆಯ ಮೇಲೆ ತಾನಾಗಿ ಮೂಡುವ ಶಯನದ ಕುಳಿ. ವಿರಳಪ್ರಯೋಗ.'

ಪರಸ್ಪರ ಅರಿಯದ ಮೂವರ ಬಾಯಲ್ಲಿ ಬದುಕಿರುವ ಶಬ್ದವನ್ನು ತೆಗೆಯಕೂಡದೆಂಬ ಇನ್ನೊಂದು ನಿಯಮವೂ ಅಲ್ಲಿತ್ತು. ಕಸುಬಿನ ಶಬ್ದಗಳನ್ನು ಚೀಟಿಯಲ್ಲಿ ಬರೆದು ಕಳಿಸಿರೆಂದು ಪತ್ರಿಕೆಯಲ್ಲಿ ಕೇಳಿಕೊಂಡಾಗ ಲಿಂಡಲ್ ಎಂಬುದಕ್ಕೆ ಎರಡು ಚೀಟಿಗಳು ಬಂದವು. ಮೂರನೆಯದು ಹಿಂದಿನ ದಿನ ಬಂದಿತ್ತು.

"ಕಳ್ಳನಿಗೆ ಇಟ್ಟ ಬೋನಲ್ಲಿ ನಮ್ಮನೆ ಬೆಕ್ಕೇ ಬಿತ್ತಲ್ಲ ಮೇಡಂ," ಎಂದು ಕಚೇರಿಯ ಗುಮಾಸ್ತ ನಕ್ಕಿದ್ದ. ಕಂಡದ್ದಕ್ಕೆಲ್ಲ ಕೆಳಗೆ ಗೆರೆ ಎಳೆಯುತ್ತಿದ್ದ ಅವನನ್ನು ಎಲ್ಲರೂ ಅಡಿಗೆರೆ ಎಂದೇ ಕರೆಯುತ್ತಿದ್ದರು. "ನಮ್ಮ ಪುಸ್ತಕ ಓದಿಯೇ ಕಳಿಸಿರ್ತಾರೆ ಬಿಡಿ."

ಅದನ್ನು ಪರೀಕ್ಷಿಸಲೆಂದೇ ಸಂಪಾದಕಿ ಮೂರನೆಯ ಚೀಟಿಯ ವಿಳಾಸ ಹುಡುಕಿಕೊಂಡು ಹೊರಟಿದ್ದಳು. ಬಾಗಿಲು ತೆರೆದವಳು ನಿವೃತ್ತ ದಾದಿ. ಮಾತಾಡುತ್ತಲೇ ಒಗೆದ ದುಪ್ಪಟಿಗಳ ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಳು.

"ಈ ಶಬ್ದ ನಿಮಗೆ ಎಲ್ಲಿ ಸಿಕ್ತು ಸಿಸ್ಟರ್?"

"ಸಿಗೋದೇನು, ಬೈಸ್ಕೊಂಡು ಕಲಿತಿದ್ದು. ಕೆಲಸಕ್ಕೆ ಸೇರಿದ ಮೊದಲ ವಾರ. ಆರನೇ ಮಂಚ ಖಾಲಿ, ಆದರೆ ಯಾರೋ ಮಲಗಿರೋ ಹಾಗೆ ತಗ್ಗು. ಎಳೆದು ಸರಿಮಾಡೋಕೆ ಹೋದೆ. 'ಲಿಂಡಲ್ ಇದೆ, ಬಿಡೇ, ಅದಾಗೇ ಏಳುತ್ತೆ' ಅಂತ ಹೆಡ್ ಸಿಸ್ಟರ್ ಗದರಿಸಿದ್ರು. ಅವತ್ತು ಆ ಮಂಚಕ್ಕೆ ಯಾರನ್ನೂ ಹಾಕ್ಲಿಲ್ಲ."

"ಎಷ್ಟು ವರ್ಷ ಆಯ್ತು?"

"ಐವತ್ತೊಂದು."

ಸಂಪಾದಕಿ ಮನಸ್ಸಿನಲ್ಲೇ ಕಳೆದು ನೋಡಿದಳು: ದೊಡ್ಡಪ್ಪ ಬರೆಯುವುದಕ್ಕೂ ಹದಿಮೂರು ವರ್ಷ ಮುಂಚೆ. "ನಮ್ಮ ನಿಘಂಟು ನೋಡಿದ್ದೀರಾ?"

"ನಾನು ಓದಿದ್ದೆಲ್ಲ ಜ್ವರದ ಪಟ್ಟಿ ಕಣಮ್ಮಾ." ದಾದಿ ನಕ್ಕಳು. ಸಂಪಾದಕಿ ಅಚ್ಚಾದ ಅರ್ಥವನ್ನು ಓದಿಹೇಳಿದಾಗ ಮಾತ್ರ ಅವಳ ಕೈ ನಿಂತಿತು. "ಅರ್ಧ ಬರೆದಿದ್ದೀರಿ. ಅಂಗೈ ಇಟ್ರೆ ಬೆಚ್ಚಗಿರುತ್ತೆ, ಅದೆಲ್ಲಿ? ಬರೆದವರು ಕಂಡಿದ್ದಾರೆ, ಮುಟ್ಟಿಲ್ಲ."

ಸಂಪಾದಕಿ ಕಚೇರಿಗೆ ಹೋಗಲಿಲ್ಲ. ಮನೆ ಸೇರಿದಾಗ ಮೂರು ದಾಟಿತ್ತು. ಆ ಹೊತ್ತಿನಲ್ಲಿ ಅವಳು ಹಿಂದೆಂದೂ ದೊಡ್ಡಪ್ಪನ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಅವರು ಎಂದಿನಂತೆ ನೆಲದ ಚಾಪೆಯ ಮೇಲೆ ಕುಳಿತು ಜಪಮಣಿ ಎಣಿಸುತ್ತಿದ್ದರು. ದೊಡ್ಡಮ್ಮ ತೀರಿಕೊಂಡಂದಿನಿಂದ ಅವರು ಮಂಚ ಏರಿರಲಿಲ್ಲ. ಅದನ್ನು ಮನೆಯವರೆಲ್ಲ ವೈರಾಗ್ಯವೆಂದೇ ತಿಳಿದಿದ್ದರು.

ಅವಳು ದಾದಿ ಹೇಳಿದ್ದನ್ನು ಹೇಳತೊಡಗಿದಳು. ಐವತ್ತೊಂದು ಎಂದಾಗ ಮಣಿ ನಿಂತಿತು.

"ಸರಿಯಾಗಿ ಕೇಳಿಸ್ಕೊಂಡೆಯಾ?"

"ಸರಿಯಾಗೇ ಕೇಳಿಸ್ಕೊಂಡೆ ದೊಡ್ಡಪ್ಪ. ಅವರು ನಿಮ್ಮ ಪುಸ್ತಕ ಕಣ್ಣಲ್ಲೂ ಕಂಡಿಲ್ಲ."

ಅವರು ಜಪಮಣಿಯನ್ನು ಕೆಳಗಿಟ್ಟರು. ಆಮೇಲೆ ಚಾಪೆಗೇ ಹೇಳುವಂತೆ ಹೇಳಿದರು. "ನಿನ್ನ ದೊಡ್ಡಮ್ಮ ಹೋಗಿ ಹದಿನೇಳು ದಿನ ಆಗಿತ್ತು. ಹಾಸಿದೋನು ನಾನೇ. ತಿರುಗಿ ನೋಡ್ತೀನಿ, ಗೋಡೆ ಕಡೆ, ಅವಳ ಮಗ್ಗುಲಲ್ಲಿ... ತಲೆ ಕೆಟ್ಟಿತು ಅಂದ್ಕೊಂಡೆ. ಯಾರ ಹತ್ರ ಹೇಳಲಿ? ಬರೆದಿಟ್ಟೆ. ಸುಳ್ಳು ಶಬ್ದ ಅಂತ ಲಕೋಟೆಗೆ ಹಾಕಿದರೆ ಯಾರೂ ಏನೂ ಕೇಳಲ್ವಲ್ಲ."

"ಹಾಗಾದ್ರೆ ಸುಳ್ಳು ಪುಸ್ತಕದಲ್ಲಿಲ್ಲ."

"ಲಕೋಟೆಯಲ್ಲಿತ್ತು. ಪುಸ್ತಕದಿಂದ ಶಬ್ದ ಹೋದರೆ ಈ ಮಂಚದಿಂದ ಅದೂ ಹೋಗಬಹುದು ಅನ್ನೋ ಆಸೆ, ಅಷ್ಟೇ."

"ಆ ಹೆಸರು ನಿಮಗೆ ಹೇಗೆ ಬಂತು?"

"ಲೇಖನಿ ಊರಿದೆ, ಬಂತು. ನಾನೇ ಹುಟ್ಟಿಸಿದೆ ಅಂತಲೇ ನಂಬಿದ್ದೆ."

ಅವಳು ಆಗ ಮಂಚದ ಕಡೆ ನೋಡಿದಳು. ಬೆಳಿಗ್ಗೆ ತಾನೇ ಎಳೆದು ಬಿಗಿಯಾಗಿ ಹಾಸಿದ್ದ ಬಿಳಿ ದುಪ್ಪಟಿ. ಈಚೆ ಪಾರ್ಶ್ವ ಹಾಗೆಯೇ ಬಿಗಿಯಾಗಿತ್ತು. ಗೋಡೆಯ ಪಾರ್ಶ್ವದಲ್ಲಿ ನೀಳವಾದ ತಗ್ಗೊಂದು ಹೆಗಲಿನ ಬಳಿ, ಸೊಂಟದ ಬಳಿ ಆಳವಾಗಿ, ಕೆಳಗೆ ಹೋಗುತ್ತ ತೆಳುವಾಗಿ ಮಡಿಸಿದ ಮೊಣಕಾಲಿನಂತೆ ಬಾಗಿತ್ತು. ಹೊರಗೆ ಯಾರೋ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.

ಫೋನು ರಿಂಗಾಯಿತು. "ಮೇಡಂ, ಅಚ್ಚಿನವರು ನನ್ನ ತಲೆ ಮೇಲೇ ಕೂತಿದ್ದಾರೆ," ಎಂದ ಅಡಿಗೆರೆ. "ಲಿಂಡಲ್ ಹೊಡೆದುಹಾಕ್ಲಾ, ಹಾಗೇ ಬಿಡ್ಲಾ?"

"ಒಂದು ನಿಮಿಷ." ಅವಳು ಫೋನನ್ನು ಅಂಗೈಯಿಂದ ಮುಚ್ಚಿದಳು. "ಏನು ಹೇಳಲಿ ದೊಡ್ಡಪ್ಪ?"

"ಆ ತಾಯಿ ಇನ್ನೇನಾದರೂ ಹೇಳಿದಳಾ?"

"ಕೈಯಿಟ್ರೆ ಬೆಚ್ಚಗಿರುತ್ತೆ ಅಂದ್ರು. ಬರೆದವರು ಮುಟ್ಟಿಲ್ಲ ಅಂದ್ರು."

ದೊಡ್ಡಪ್ಪ ಗೋಡೆ ಹಿಡಿದು ಎದ್ದರು. ಮಂಚದ ಅಂಚಿನಲ್ಲಿ ಕುಳಿತು ಕೈ ಚಾಚಿದರು, ಹಿಂದೆಗೆದರು, ಮತ್ತೆ ಚಾಚಿದರು. ಅಂಗೈ ತಗ್ಗಿನೊಳಗೆ ಇಳಿಯಿತು. ಅವರ ಮುಖ ಅವಳಿಗೆ ಕಾಣುತ್ತಿರಲಿಲ್ಲ; ಬಾಗಿದ ಬೆನ್ನು ಮಾತ್ರ ಕಾಣುತ್ತಿತ್ತು.

"ಸೇರಿಸು," ಎಂದರು.

ಅವಳು ಕಿಟಕಿಯ ಕಡೆ ತಿರುಗಿ ನಿಂತು, ಶಬ್ದ ಇರಲಿ, ಅರ್ಥದಲ್ಲಿ 'ಕುಳಿ' ಎಂಬುದಕ್ಕೆ ಮೊದಲು 'ಬೆಚ್ಚನೆಯ' ಎಂದು ಸೇರಿಸು, 'ವಿರಳಪ್ರಯೋಗ' ತೆಗೆ ಎಂದು ಹೇಳಿದಳು. ಅಡಿಗೆರೆ ಏನೋ ಕೇಳಿದ. ಅವಳು ಫೋನು ಇಟ್ಟಳು.

ಅವಳು ತಿರುಗಿದಾಗ ಚಾಪೆ ಬರಿದಾಗಿತ್ತು. ದೊಡ್ಡಪ್ಪ ಮಂಚದ ಈಚೆ ಅಂಚಿನಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದರು. ಪಕ್ಕದವರ ನಿದ್ದೆಗೆ ಭಂಗ ಬರಬಾರದೆಂಬಂತೆ ಒಂದು ಕಾಲನ್ನು ಹೊರಗೇ ಇಳಿಬಿಟ್ಟು, ಉಸಿರನ್ನೂ ಸಣ್ಣಗೆ ಬಿಡುತ್ತಿದ್ದರು.